ಕ್ರಯ ಕೇಳುವವರು ಅವರು, ಹೇಳಬೇಕಾದವರು ನಾವು

(ಗುಂಡ್ಯದಲ್ಲಿ ಸೇರಿದ್ದ ಬೆಳೆಗಾರರ ಸಭೆಯಲ್ಲಿ ಸ್ಥಳೀಯ ಕೃಷಿಕರೊಬ್ಬರು ಆಡಿದ ಮಾತು. ಅವರು ಆಡಿದಂತೆಯೇ ಬರೆದುಕೊಳ್ಳಲಾಗಿದೆ.)



ಈ ಗುಂಡ್ಯ ಪೇಟೆಯಲ್ಲಿ ನಿಂತರೆ ರಾತ್ರಿಯಿಡೀ ಬೆಂಗಳೂರಿಗೆ ಹೋಗುವ ಬಸ್ಸುಗಳು ಕಾಣುತ್ತವೆ. ಅದರೊಳಗೆ ನಿದ್ದೆ ಮಾಡುತ್ತಾ ಶಿರಾಡಿ ಘಾಟಿ ಹತ್ತುವವರೇ ನಮ್ಮ ಹಲಸು, ಬಾಳೆ, ಪುನರ್ಪುಳಿ, ಕಾಳುಮೆಣಸು ತಿನ್ನುವ ಜನ. ಇಷ್ಟು ವರ್ಷ ಅವರ ಮುಖ ನಾವು ನೋಡಿಲ್ಲ, ನಮ್ಮ ಮುಖ ಅವರು ನೋಡಿಲ್ಲ. ನಾವು ನೋಡಿದ್ದು ಅಂಗಡಿಯವನ ತಕ್ಕಡಿ ಮಾತ್ರ. "ಇವತ್ತು ಕ್ರಯ ಎಷ್ಟು?" ಅಂತ ಕೇಳುವುದು ನಾವೇ, ಹೇಳುವುದು ಅವನು. ನಮ್ಮ ಮಾಲು, ಅವನ ಬಾಯಿ!

ಮೊಬೈಲಿನಲ್ಲಿ ಮಾರುವ ವಿಚಾರ ಹೇಳು ಅಂತ ನನ್ನನ್ನು ಕರೆದಿದ್ದೀರಿ. ನಾನು ದೊಡ್ಡ ವ್ಯಾಪಾರಿ ಅಲ್ಲ. ಎರಡು ಎಕರೆ ಅಡಿಕೆ, ಅದರ ಮಧ್ಯೆ ಬಾಳೆ, ಸ್ವಲ್ಪ ಮೆಣಸು. ಕಂಡದ್ದು, ಪೆಟ್ಟು ತಿಂದದ್ದು ಎರಡನ್ನೂ ಹೇಳುತ್ತೇನೆ.

2021ರ ಕೊರೋನಾ ನೆನಪುಂಟಲ್ಲ? ಬಾಳೆಗೊನೆ ಕೇಳುವವರಿಲ್ಲದೆ ಎಷ್ಟೋ ತೋಟಗಳಲ್ಲಿ ಹಣ್ಣಾಗಿ ಉದುರಿತು. ಆಗ ಶ್ರೀ ಪಡ್ರೆಯವರು ಬಾಳೆಕಾಯಿ ಹುಡಿಯ ಆಂದೋಲನ ಎಬ್ಬಿಸಿದರು. ಪುತ್ತೂರಿನಿಂದ 1988ರಿಂದ ಬರುತ್ತಿರುವ 'ಅಡಿಕೆ ಪತ್ರಿಕೆ'ಯ ಪಡ್ರೆಯವರು, ನಿಮಗೆಲ್ಲ ಗೊತ್ತು. ಬಾಳೆ, ಕಾಯಿ, ಹುಡಿ ಸೇರಿಸಿ 'ಬಾಕಾಹು' ಅಂತ ಹೆಸರು. ಅದು ಓಡಾಡಿದ್ದು ವಾಟ್ಸಾಪಿನ ಗುಂಪುಗಳಲ್ಲಿ. ಕಾಯಿ ಸುಲಿದು ಹೆಚ್ಚಿ ಒಣಗಿಸಿ ಹುಡಿ ಮಾಡುವ ಕ್ರಮ ಒಬ್ಬರಿಂದ ಒಬ್ಬರಿಗೆ ಹೋಯಿತು. ದಕ್ಷಿಣ ಕನ್ನಡ, ಉತ್ತರ ಕನ್ನಡದ ಹೆಂಗಸರು ಆ ಹುಡಿಯಲ್ಲಿ ದೋಸೆ, ಗುಲಾಬ್ ಜಾಮೂನು ಮಾಡಿ ಫೋಟೋ ಹಾಕಿದರು. ಸುದ್ದಿ ದೆಹಲಿಯ ತನಕ ಮುಟ್ಟಿ, ಆ ವರ್ಷದ ಜುಲೈ ತಿಂಗಳ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಗಳೇ ಅದನ್ನು ಹೇಳಿದರು.

ಇಲ್ಲಿ ಒಂದು ಸೂಕ್ಷ್ಮ ಉಂಟು. ಹುಡಿಯ ಪೊಟ್ಟಣದ ಫೋಟೋ ಯಾರು ನೋಡುತ್ತಾರೆ ಮಾರಾಯ್ರೆ? ಜನ ನೋಡಿದ್ದು ದೋಸೆಯನ್ನು. ಪೇಟೆಯ ಹೆಂಗಸಿಗೆ ಬೇಕಾದದ್ದು, ಇದನ್ನು ತಂದರೆ ನಾಳೆ ಬೆಳಿಗ್ಗೆ ಏನು ಮಾಡಬಹುದು ಎಂಬ ಉತ್ತರ. ಅದು ಗೊತ್ತಿದ್ದದ್ದು ನಮ್ಮ ಅಡುಗೆ ಮನೆಯವರಿಗೆ, ಜಗಲಿಯಲ್ಲಿ ಕೂತ ನಮಗಲ್ಲ. ನಮ್ಮ ಮನೆಯಲ್ಲೂ ಫೋಟೋ ತೆಗೆಯುವುದು, ಕೇಳಿದವರಿಗೆ ಉತ್ತರ ಬರೆಯುವುದು ಹೆಂಡತಿಯೇ. ನನ್ನ ಕೆಲಸ ಕಟ್ಟು ಕಟ್ಟಿ ಬಸ್ಸಿಗೆ ಹಾಕುವುದು.

ಈಗ ನನ್ನ ಪೆಟ್ಟಿನ ಕಥೆ. ನಾವೂ ಹುಡಿ ಮಾಡಿದೆವು. ಮೊದಲ ದಿನವೇ ಬೆಂಗಳೂರಿನ ಒಬ್ಬರು ಕೇಳಿದರು, "ಕಿಲೋಗೆ ಎಷ್ಟು?" ನನಗೆ ನಾಲಗೆ ಏಳಲಿಲ್ಲ! ಜನ್ಮದಲ್ಲಿ ನನ್ನ ಹತ್ತಿರ ಯಾರೂ ಹಾಗೆ ಕೇಳಿದವರಲ್ಲ. ಹೆದರಿ ಹೆದರಿ ನೂರು ರೂಪಾಯಿ ಅಂದೆ. ಅವರು ಚೌಕಾಸಿಯನ್ನೂ ಮಾಡಲಿಲ್ಲ. ರಾತ್ರಿ ಹೆಂಡತಿ ಲೆಕ್ಕ ತೆಗೆದಳು. ಒಂದು ಕಿಲೋ ಹುಡಿಗೆ ನಾಲ್ಕೈದು ಕಿಲೋ ಕಾಯಿ ಬೇಕು. ಐದು ಅಂತಲೇ ಹಿಡಿಯಿರಿ. ಕಾಯಿಗೆ ಕಿಲೋಗೆ 15 ರೂಪಾಯಿ ಹಾಕಿದರೆ 75 ಅಲ್ಲಿಗೇ ಹೋಯಿತು. ಉಳಿದ 25ರಲ್ಲಿ ಸುಲಿದದ್ದು, ಹೆಚ್ಚಿದ್ದು, ಒಣಗಿಸಿದ ಕರೆಂಟು, ಮಿಲ್ಲಿನ ಮಜೂರಿ, ಪ್ಯಾಕೆಟು, ಆಟೋ. "ನನ್ನ ಎರಡು ದಿನದ ಕೆಲಸ ಎಲ್ಲಿ ಬರೆದಿದ್ದೀರಿ?" ಅಂತ ಕೇಳಿದಳು. ಎಲ್ಲಿಯೂ ಬರೆದಿರಲಿಲ್ಲ.

ಗೊನೆಗೆ ಕ್ರಯವೇ ಇಲ್ಲದ ವರ್ಷ ಕಾಯಿಗೆ ಸೊನ್ನೆ ಹಿಡಿಯುತ್ತೇವೆ, ಆಗ ಲಾಭ ಬಂದ ಹಾಗೆ ಕಾಣುತ್ತದೆ. ಆದರೆ ಕಂದು ನೆಟ್ಟದ್ದು, ಗೊಬ್ಬರ ಹಾಕಿದ್ದು, ಊರೆ ಕೊಟ್ಟದ್ದು ಸೊನ್ನೆಯೇ? 1980ರಿಂದ ನಮ್ಮ ರೈತ ಚಳವಳಿ ಖರ್ಚಿನ ಮೇಲೆ ವೈಜ್ಞಾನಿಕ ಬೆಲೆ ಕೊಡಿ ಅಂತ ಸರಕಾರವನ್ನು ಕೇಳಿದೆ. ಕೇಳಬೇಕಾದ್ದೇ. ಆದರೆ ನಿನ್ನ ಖರ್ಚು ಎಷ್ಟಪ್ಪಾ ಅಂತ ತಿನ್ನುವವನೇ ಎದುರು ನಿಂತು ಕೇಳಿದಾಗ ನನ್ನ ಹತ್ತಿರ ಪುಸ್ತಕವೇ ಇರಲಿಲ್ಲ. ಈಗ ಉಂಟು. ಕ್ರಯ ಹೆಚ್ಚು ಮಾಡಿದಾಗ ಯಾಕೆ ಅಂತ ಲೆಕ್ಕವನ್ನೇ ಬರೆದು ಗಿರಾಕಿಗಳಿಗೆ ಕಳಿಸಿದೆವು. ಕೆಲವರು ಬಿಟ್ಟರು. ಹೆಚ್ಚಿನವರು ನಿಂತರು.

ಇನ್ನೊಂದು ಪೆಟ್ಟು. ಮಳೆಗಾಲದ ಒಂದು ಸಲದ ಹುಡಿ ಸರಿಯಾಗಿ ಒಣಗದೆ ಬಣ್ಣ ಕೆಟ್ಟಿತ್ತು. ಹೋಗಲಿ ಅಂತ ಕಳಿಸಿಬಿಟ್ಟೆ. ಅಂಗಡಿಗೆ ಹಾಕಿದ್ದರೆ ಯಾರ ಹುಡಿ ಅಂತ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಗುಂಪಿನಲ್ಲೇ ಫೋಟೋ ಹಾಕಿ ಕೇಳಿದರು, ನೂರಾರು ಜನ ನೋಡಿದರು. ಅದೇ ಗುಂಪಿನಲ್ಲಿ ತಪ್ಪು ನಮ್ಮದು ಅಂತ ಬರೆದು ಹಣ ವಾಪಸು ಕೊಟ್ಟೆವು. ನಾಚಿಕೆ ಆಯಿತು, ಸುಳ್ಳು ಹೇಳುವುದಿಲ್ಲ. ಆ ಗಿರಾಕಿ ಈಗಲೂ ತರಿಸುತ್ತಾರೆ.

ಸಾಲದ ಮಾತು. ಮಳೆಗಾಲದಲ್ಲಿ ಅಂಗಡಿಯಿಂದ ಮುಂಗಡ ತಂದವನು ಬೇಸಿಗೆಯಲ್ಲಿ ಅವರು ಹೇಳಿದ ಕ್ರಯಕ್ಕೆ ಮೆಣಸು ಅಳೆದುಕೊಡಬೇಕು, ಅದು ನಿಮಗೆ ನಾನು ಹೇಳಬೇಕಾದ್ದಲ್ಲ. ಫೋನಿನ ವ್ಯಾಪಾರದಲ್ಲಿ ಹಣ ಮೊದಲು, ಮಾಲು ಮತ್ತೆ. ಆ ಹಣದಿಂದ ನಾನು ಮುಂಗಡ ಕೇಳುವುದು ನಿಲ್ಲಿಸಿದೆ. ಸೊಸೈಟಿಯ ಬೆಳೆಸಾಲ ತೀರಿಸುವಷ್ಟು ದೊಡ್ಡ ಹಣ ಅಲ್ಲ, ಆ ಆಸೆ ಯಾರಿಗೂ ಹುಟ್ಟಿಸುವುದಿಲ್ಲ. ಹಾಗೆಯೇ ಒಂದು ಜಾಗ್ರತೆ: ಹಣ ಬರಲಿಕ್ಕೆ ನೀವು ಪಿನ್ ಒತ್ತಬೇಕಾಗಿಲ್ಲ. ಒತ್ತಿ ಅಂದವನು ಕಳ್ಳ.

ನೆಟ್‌ವರ್ಕ್ ಎಲ್ಲಿ ಅಂತ ಹಿಂದೆ ಕೂತವರು ನಗುತ್ತಿದ್ದೀರಿ. ನಮ್ಮ ಮನೆಯಲ್ಲೂ ಇಲ್ಲ. ಸಂಜೆ ಗುಡ್ಡ ಹತ್ತಿ ಎಲ್ಲರಿಗೂ ಒಮ್ಮೆಲೇ ಉತ್ತರ ಕಳಿಸುತ್ತೇವೆ. ಏಳು ಗಂಟೆಗೆ ಉತ್ತರ ಬರುತ್ತದೆ ಅಂತ ಮೊದಲೇ ತಿಳಿಸಿದ್ದೇವೆ, ಯಾರಿಗೂ ಬೇಸರವಿಲ್ಲ. ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿ ಉಂಟಲ್ಲ, ಅದು ಮುಟ್ಟುವುದು ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಹಾಕಿಕೊಂಡವರಿಗೆ ಮಾತ್ರ. ಹಾಗಾಗಿ ಪ್ರತಿ ಪ್ಯಾಕೆಟಿನಲ್ಲಿ ನಂಬರು ಬರೆದ ಚೀಟಿ ಇಡಿ.

ಹಿರಿಯರೊಬ್ಬರು ಆಗಲೇ ಕೇಳಿದರು, ಅಡಿಕೆಯನ್ನೂ ಹೀಗೆ ಮಾರಬಹುದಾ ಅಂತ. ಇಲ್ಲ ಅಣ್ಣಾ. ಬಾಳೆಹುಡಿ ನಮ್ಮಿಂದ ನೇರ ಅಡುಗೆ ಮನೆಗೆ ಹೋಗುತ್ತದೆ. ಅಡಿಕೆ ಹೋಗುವುದು ಮೂಟೆ ಲೆಕ್ಕದಲ್ಲಿ ಉತ್ತರ ಭಾರತಕ್ಕೆ, ಅಗಿಯುವವನು ನಮ್ಮ ಫೋಟೋ ನೋಡಿ ಕೊಳ್ಳುವವನಲ್ಲ. ಅದಕ್ಕೆ ಬೆಳೆಗಾರರು ಒಟ್ಟಾಗಿಯೇ ನಿಲ್ಲಬೇಕು. 1970ರ ಹೊತ್ತಿಗೆ ಧಾರಣೆ ಬಿದ್ದ ಮೇಲೆ 1973ರಲ್ಲಿ ಕ್ಯಾಂಪ್ಕೋ ಹುಟ್ಟಿದ್ದು ಅದಕ್ಕೇ. ಹಳದಿ ರೋಗ, ಎಲೆಚುಕ್ಕಿ ಬಂದ ತೋಟದಲ್ಲಿ ಅಡಿಕೆ ಇಳಿದಾಗ ಮಧ್ಯದ ಬಾಳೆ, ಮೆಣಸು, ಬದಿಯ ಪುನರ್ಪುಳಿ ಎಷ್ಟು ಕೈ ಹಿಡಿಯುತ್ತದೆ ಎಂಬುದಷ್ಟೇ ನಾನು ಹೇಳಬಲ್ಲೆ. ನಮ್ಮ ಲೆಕ್ಕದ ಪುಸ್ತಕ ತಂದಿದ್ದೇನೆ, ಇಲ್ಲೇ ಮೇಜಿನ ಮೇಲೆ ಉಂಟು. ಚಹಾ ಕುಡಿಯುವಾಗ ನೋಡಿ, ತಪ್ಪಿದ್ದರೆ ಹೇಳಿ.