ಎಷ್ಟು ಗಂಟೆ? ಎಷ್ಟು ಗಂಟೆಗೆ?



ಗೋವೆಯ ವಾಸ್ಕೋ ಪರಿಸರದ ಮಕ್ಕಳಿಗೆ ವಿಮಾನವು ಅಪರೂಪದ ವಸ್ತುವಲ್ಲ; ದಾಬೋಳಿ ನಿಲ್ದಾಣ ಅಲ್ಲಿಯೇ ಇದೆ. ಆದರೆ ಅಲ್ಲಿಯ ಕನ್ನಡ ಮನೆಗಳ ಅನೇಕ ಮಕ್ಕಳ ಪ್ರಯಾಣಾನುಭವ ರೈಲಿನದು. ವಾಸ್ಕೋದಿಂದ ಹುಬ್ಬಳ್ಳಿಗೆ ನೇರ ಗೆರೆಯಲ್ಲಿ ಸುಮಾರು 140 ಕಿ.ಮೀ. ಮಾತ್ರ. ರೈಲಾದರೋ ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗೆ ಘಟ್ಟವೇರಿ, ಲೋಂಡಾ ಮಾರ್ಗವಾಗಿ ಸುಮಾರು 200 ಕಿ.ಮೀ. ಕ್ರಮಿಸಬೇಕು. ದೂರ ಬೇರೆ, ಹಿಡಿಯುವ ಕಾಲ ಬೇರೆ ಎಂಬುದನ್ನು ಮಗು ಹೀಗೆ ತಾನೇ ಕಂಡುಕೊಂಡಿರುತ್ತದೆ. ಪಾಠವು ಈ ಅನುಭವದಿಂದಲೇ ಆರಂಭವಾಗಬೇಕು.

ಅನಂತರ ಒಂದು ಲೆಕ್ಕ ಕೊಡಬಹುದು. ಚಳಿಗಾಲದ ಒಂದು ದಿನ ದಾಬೋಳಿಯಿಂದ ಮಧ್ಯಾಹ್ನ 1 ಗಂಟೆಗೆ ಹೊರಟ ವಿಮಾನವು ಲಂಡನ್ನಿನ ಗ್ಯಾಟ್‌ವಿಕ್ ನಿಲ್ದಾಣದಲ್ಲಿ ಅಲ್ಲಿಯ ಸಂಜೆ 6 ಗಂಟೆಗೆ ಇಳಿಯಿತು ಎಂದಿಟ್ಟುಕೊಳ್ಳೋಣ. ಅದು ಎಷ್ಟು ಗಂಟೆ ಹಾರಿತು? ‘ಐದು’ ಎಂಬ ಉತ್ತರ ತರಗತಿಯಲ್ಲಿ ಬಂದೇ ಬರುತ್ತದೆ. ಅದಕ್ಕೆ ಕೂಡಲೇ ಕೆಂಪು ಗೆರೆ ಎಳೆದರೆ ಮಗು ತನಗೆ ಗಣಿತ ಬಾರದೆಂದು ತಿಳಿಯುತ್ತದೆ. ವಾಸ್ತವವಾಗಿ ಕಳೆಯುವ ಲೆಕ್ಕ ಸರಿಯಾಗಿಯೇ ಇದೆ; ಎರಡು ಊರಿನ ಗಡಿಯಾರಗಳನ್ನು ಒಂದೆಂದು ಎಣಿಸಿದ್ದೇ ತೊಡಕು.

ಭೂಮಿಯು ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ; ಬ್ರಿಟನ್ನಿನದು ಗ್ರೀನಿಚ್ಚಿನ ಸೊನ್ನೆ ಡಿಗ್ರಿಯನ್ನು. ಆದುದರಿಂದ ಅಂತರ 330 ನಿಮಿಷ, ಅಂದರೆ ಐದೂವರೆ ಗಂಟೆ. ಬೇಸಿಗೆಯಲ್ಲಿ ಬ್ರಿಟನ್ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅದು ನಾಲ್ಕೂವರೆಯಾಗುತ್ತದೆ. ನಮ್ಮ ಲೆಕ್ಕದಲ್ಲಿ ವಿಮಾನ ಹಾರಿದ್ದು ಹತ್ತೂವರೆ ಗಂಟೆ.

ಉತ್ತರವನ್ನು ಮಕ್ಕಳೇ ತಾಳೆ ನೋಡಲಿ. 30 ಸೆಂ.ಮೀ. ವ್ಯಾಸದ ಭೂಗೋಳದ ಮೇಲೆ ಗೋವೆಗೂ ಲಂಡನ್ನಿಗೂ ದಾರವನ್ನು ಬಿಗಿಯಾಗಿ ಹಿಡಿದರೆ ಸುಮಾರು 18 ಸೆಂ.ಮೀ. ಆಗುತ್ತದೆ. ಅಲ್ಲಿ ಒಂದು ಸೆಂ.ಮೀ. ಎಂದರೆ ಸುಮಾರು 425 ಕಿ.ಮೀ.; ದೂರ 7,600 ಕಿ.ಮೀ. ಆಸುಪಾಸು. ಐದು ಗಂಟೆಯಲ್ಲಿ ತಲುಪಬೇಕಾದರೆ ವೇಗ ಗಂಟೆಗೆ 1,500 ಕಿ.ಮೀ. ಮೀರಬೇಕು. ಇಂದಿನ ಪ್ರಯಾಣಿಕ ವಿಮಾನಗಳ ವೇಗ ಸುಮಾರು 900. ಐದು ಏಕೆ ಸಲ್ಲದೆಂಬುದು ಆಗ ತಾನಾಗಿ ತಿಳಿಯುತ್ತದೆ. ಮರುಪಯಣದಲ್ಲಿ ಪಶ್ಚಿಮದಿಂದ ಬೀಸುವ ಎತ್ತರದ ಗಾಳಿ ಹಿಂದಿನಿಂದ ನೂಕುವುದರಿಂದ ಸಾಮಾನ್ಯವಾಗಿ ಕಾಲ ಕಡಿಮೆಯಾಗುತ್ತದೆಂಬುದನ್ನೂ ಸೇರಿಸಬಹುದು.

ಇಲ್ಲಿ ಕನ್ನಡವೇ ಶಿಕ್ಷಕರ ನೆರವಿಗೆ ಬರುತ್ತದೆ. ‘ಎಷ್ಟು ಗಂಟೆಗೆ’ ಎಂಬುದು ಗಡಿಯಾರವನ್ನು ಕೇಳುತ್ತದೆ. ‘ಎಷ್ಟು ಗಂಟೆ’ ಎಂಬುದು ಅವಧಿಯನ್ನು. ಎರಡಕ್ಕೂ ‘ಸಮಯ’ ಎಂದೇ ಬರೆದ ಪ್ರಶ್ನೆಯು ಈ ಭೇದವನ್ನು ಅಳಿಸಿಬಿಡುತ್ತದೆ. ಆದ್ದರಿಂದ ಮೊದಲು ಪ್ರಶ್ನೆಯ ಮಾತನ್ನು ತಿದ್ದಬೇಕು. ಮಗು ಆಗಲೂ ‘ಐದು’ ಎಂದರೆ, ಗೆರೆ ಎಳೆಯುವ ಮೊದಲು ಕೇಳಬೇಕಾದುದು ಇಷ್ಟೇ: ‘ಆರು ಗಂಟೆ ಎಂದೆಯಲ್ಲ, ಅದು ಯಾವ ಊರಿನ ಗಡಿಯಾರ?’