ಕಡ್ಡಿ ಎಂಬ ಮಾತು
(ಸುವರ್ಣ ಮಹೋತ್ಸವದ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಬೇರೆ ಊರಿನಲ್ಲಿ ಕನ್ನಡ ಮೇಷ್ಟ್ರಾಗಿ ನಿವೃತ್ತನಾದವನು ನಾನು. ಹಾಗಾಗಿ ಒಂದು ಪುಟ್ಟ ಪದದ ಬಗ್ಗೆಯೇ ಮಾತಾಡುತ್ತೇನೆ: ಕಡ್ಡಿ.

ನಾವು ಬೆಂಕಿಪೊಟ್ಟಣ ಎನ್ನುವುದನ್ನು ಉತ್ತರ ಕರ್ನಾಟಕದವರು ಕಡ್ಡಿಪೆಟ್ಟಿಗೆ ಎನ್ನುತ್ತಾರೆ. ಹೆಸರು ಯಾವುದಾದರೂ ಒಳಗಿರುವುದು ಕಡ್ಡಿಯೇ. ಪೊರಕೆಯಲ್ಲಿರುವುದು ಕಡ್ಡಿ, ದೇವರ ಮುಂದೆ ಹಚ್ಚುವುದು ಊದುಕಡ್ಡಿ, ಸ್ಲೇಟಿನ ಮೇಲೆ ಬರೆದದ್ದು ಬಳಪದ ಕಡ್ಡಿ. ಖಂಡಿತವಾಗಿ ಹೇಳುವವರು ಕಡ್ಡಿ ಮುರಿದಂತೆ ಹೇಳುತ್ತಾರೆ. ಸಣ್ಣದನ್ನು ದೊಡ್ಡದು ಮಾಡುವವರು ಕಡ್ಡಿಯನ್ನು ಗುಡ್ಡ ಮಾಡುತ್ತಾರೆ. ಅಣ್ಣತಮ್ಮಂದಿರ ನಡುವೆ ಜಗಳ ತಂದಿಡುವವರು ಕಡ್ಡಿ ಗೀರಿ ದೂರ ನಿಲ್ಲುತ್ತಾರೆ. ದೀಪಕ್ಕೂ ‘ಹಚ್ಚು’ ಎನ್ನುತ್ತೇವೆ, ಬಣವೆ ಸುಡುವುದಕ್ಕೂ ‘ಹಚ್ಚು’ ಎನ್ನುತ್ತೇವೆ. ಕಡ್ಡಿಗೆ ಭೇದವಿಲ್ಲ, ಭೇದವಿರುವುದು ಹಿಡಿದ ಕೈಯಲ್ಲಿ.

ಪದ ಹಳೆಯದು, ಬೆಂಕಿಕಡ್ಡಿ ಹೊಸದು. ಇಂಗ್ಲೆಂಡಿನ ಔಷಧಿ ವ್ಯಾಪಾರಿ ಜಾನ್ ವಾಕರ್ ಗೀರಿದರೆ ಹೊತ್ತುವ ಕಡ್ಡಿಯನ್ನು ಮಾರಲು ಶುರುಮಾಡಿದ್ದು 1827ರಲ್ಲಿ. ಅದು ನಮ್ಮ ಹಳ್ಳಿಗಳಿಗೆ ಬರುವ ಮುಂಚೆ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಕಾಯುತ್ತಿದ್ದರು. ಆರಿದರೆ ನೆರೆಮನೆಯಿಂದ ಬೆಂಕಿ ತರುತ್ತಿದ್ದರು. ಈಗಿನ ಪೊಟ್ಟಣದಲ್ಲಿ ಕಡ್ಡಿಯ ತಲೆಗೆ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ, ಕೆಂಪು ರಂಜಕ ಇರುವುದು ಪೊಟ್ಟಣದ ಪಕ್ಕದ ಪಟ್ಟಿಯಲ್ಲಿ. ಎರಡೂ ಕೂಡಿದರೇ ಕಿಡಿ.

ಇದನ್ನು ಶಾಲೆಯಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ನಮ್ಮ ದೇಶದ ಬೆಂಕಿಪೊಟ್ಟಣದ ಕಸುಬಿಗೆ ಹೆಸರಾದ ಊರು ತಮಿಳುನಾಡಿನ ಶಿವಕಾಶಿ. ಅಲ್ಲಿ ಎಷ್ಟೋ ಕಾಲ ಸಣ್ಣ ಮಕ್ಕಳೂ ಆ ಕೆಲಸ ಮಾಡಿದರು. ಬಳಪ ಹಿಡಿಯಬೇಕಾದ ಬೆರಳು ಬೆಂಕಿಕಡ್ಡಿ ಜೋಡಿಸಿದವು. 1996ರಲ್ಲಿ ಸುಪ್ರೀಂ ಕೋರ್ಟು, ಅಪಾಯದ ಕೆಲಸಕ್ಕೆ ಮಕ್ಕಳನ್ನು ಹಚ್ಚಿದ ಮಾಲೀಕರು ಪ್ರತಿ ಮಗುವಿಗೆ 20,000 ರೂಪಾಯಿ ಪರಿಹಾರ ಕಟ್ಟಬೇಕು, ಮಗು ಓದಬೇಕು ಎಂದಿತು.

ಕೋರ್ಟಿನ ಮಾತು ಊರೂರಿಗೆ ನಡೆದು ಬರುವುದಿಲ್ಲ; ನಾವೇ ತರಬೇಕು. ಕೂಲಿಗೆ ಹೋಗುವ ಅಪ್ಪ ಅಮ್ಮನ ಹಿಂದೆ ಗುಳೆ ಹೊರಟ ಹುಡುಗ, ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲುಳಿದ ಹುಡುಗಿ, ಇವರ ಹೆಸರು ಹಾಜರಿ ಪುಸ್ತಕದಲ್ಲಿ ಇನ್ನೂ ಇರುತ್ತದೆ. ಹಳೆಯ ವಿದ್ಯಾರ್ಥಿಗಳು ಕಮಾನಿಗೆ, ಬಣ್ಣಕ್ಕೆ ಹಣ ಕೊಟ್ಟಿದ್ದೀರಿ, ಸಂತೋಷ. ಇನ್ನು ಮುಂದೆ ಒಬ್ಬೊಬ್ಬರು ಒಂದೊಂದು ಮಗುವಿನ ಮನೆಗೆ ಹೋಗಿ ಕೇಳಿ, ಏಕೆ ಬರಲಿಲ್ಲ ಎಂದು. ಹತ್ತನೇ ತರಗತಿ ಮುಗಿಸದೆ ಈ ಊರಿನ ಒಂದು ಮಗುವೂ ಶಾಲೆ ಬಿಡಬಾರದು. ಇದನ್ನು ಕಡ್ಡಿ ಮುರಿದಂತೆ ಹೇಳುತ್ತಿದ್ದೇನೆ.