ಗೋಣಿಮರದ ಪಾಠ

ನಮ್ಮ ಗೋಣಿಬೀಡಿನ ಆಸುಪಾಸಿನ ಕಾಫಿ ತೋಟಕ್ಕೆ ಕಾಲಿಟ್ಟರೆ ಗಿಡಕ್ಕಿಂತ ಮೊದಲು ಮೈಗೆ ತಾಗುವುದು ಮರಗಳ ತಂಪು. ಆ ನೆರಳಿನ ಬೆಲೆ ತಿಳಿಯಲು ಒಂದು ತಲೆಮಾರು ಬಹಳ ನಷ್ಟ ಅನುಭವಿಸಬೇಕಾಯಿತು. ಇವತ್ತು ಹೇಳಹೊರಟದ್ದು ಅದನ್ನು ಕಣ್ಣಾರೆ ಕಂಡು ಬರೆದಿಟ್ಟ ರಾಬರ್ಟ್ ಎಲಿಯಟ್ ಅವರ ವಿಷಯ.

ಸ್ಕಾಟ್ಲೆಂಡಿನ ಈ ತರುಣ 1855ರಲ್ಲಿ ಹಡಗು ಹತ್ತಿದರು. ಹೇಮಾವತಿಯ ಜಾಡಿನಲ್ಲಿ ನಮ್ಮಿಂದ ತೆಂಕಣಕ್ಕಿರುವ ಮಂಜರಾಬಾದಿನಲ್ಲಿ, ಎಂದರೆ ಸಕಲೇಶಪುರದ ಸೀಮೆಯಲ್ಲಿ, ತೋಟ ಹಾಕಿದರು. ಆಗಿನ ಬಿಳಿಯ ತೋಟಗಾರರಲ್ಲಿ ಹಲವರು ಕಾಡನ್ನು ಪೂರ್ತಿ ಸವರಿ, ಸುಟ್ಟು, ಬೋಳು ನೆಲದಲ್ಲಿ ಗಿಡ ನೆಟ್ಟಿದ್ದರು. ಬಿಸಿಲು ಬಿದ್ದಲ್ಲಿ ಬೋರರ್ ಹುಳ ಕಾಂಡ ಕೊರೆಯಿತು. ಚಿಕ್ಕಮಗಳೂರಿನ ಹಳೆಯ 'ಚಿಕ್' ತಳಿಯೇ ಸೊರಗಿ, ಕೊಡಗಿನ ಬೀಜ ತರಿಸಿ ನೆಡಬೇಕಾಯಿತು.

ಎಲಿಯಟ್ ಮರಳಿ ಮರದ ಕಡೆ ತಿರುಗಿದರು. 1894ರ ತಮ್ಮ ಪುಸ್ತಕದಲ್ಲಿ ಅವರು ಮೆಚ್ಚಿ ಹೇಳುವ ನೆರಳಿನ ಮರಗಳಲ್ಲಿ ಬಸರಿಯ ಬಗೆಗಳಿವೆ, ಮಿಟ್ಲಿ ಇದೆ, ನಮ್ಮೂರ ಹೆಸರಿನಲ್ಲಿ ಕೇಳಿಸುವ ಗೋಣಿಯೂ ಇದೆ. ಇಂಗ್ಲಿಷ್ ಪುಸ್ತಕದಲ್ಲಿ ಅವೆಲ್ಲ ಕನ್ನಡದ ಹೆಸರಿನಲ್ಲೇ ನಿಂತಿವೆ. ಯಾವ ಮರದ ಕೆಳಗೆ ಕಾಫಿ ನಗುತ್ತದೆ, ಯಾವುದರ ಕೆಳಗೆ ಬಾಡುತ್ತದೆ ಎಂದು ಅವರಿಗೆ ತೋರಿಸಿಕೊಟ್ಟವರು ಇಲ್ಲಿಯ ಗೌಡರು, ಆಳುಗಳೇ ಇರಬೇಕು. ಗುಣಿ ತೋಡಿದ, ಮರ ಹತ್ತಿ ಕೊಂಬೆ ಸವರಿ ಮರಗಸಿ ಮಾಡಿದ ಆ ಜನರನ್ನು ನೆನೆಯದೆ ಈ ಕತೆ ಹೇಳಲು ನನಗೆ ಮನಸ್ಸಾಗುವುದಿಲ್ಲ.

ಮರ ಬಿಸಿಲು ತಡೆಯುತ್ತದೆ, ನಿಜ. ಅಷ್ಟೇ ಅಲ್ಲ. ಅದರ ದರಗು ನೆಲಕ್ಕೆ ಬಿದ್ದು ಕೊಳೆತು ಗೊಬ್ಬರವಾಗುತ್ತದೆ, ಮುಂಗಾರಿನ ಹೊಡೆತಕ್ಕೆ ಇಳಿಜಾರಿನ ಮೇಲ್ಮಣ್ಣು ಕೊಚ್ಚಿಹೋಗದಂತೆ ಹಿಡಿಯುತ್ತದೆ. ಬೇರು ಆಳದ ಸಾರವನ್ನು ಮೇಲಕ್ಕೆ ಎಳೆದು ಎಲೆಯ ಮೂಲಕ ಮತ್ತೆ ಮಣ್ಣಿಗೇ ಕೊಡುತ್ತದೆ.

ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲೂ ತೋಟಗಾರರ ಪರ ಮಾತಾಡಿದ ಎಲಿಯಟ್, ತಮ್ಮ ನಾಡಿನಲ್ಲಿ ಕ್ಲಿಫ್ಟನ್ ಪಾರ್ಕ್ ಎಂಬ ಜಮೀನಿನಲ್ಲಿ ಬೇರೊಂದು ಪ್ರಯೋಗ ನಡೆಸಿದರು. ಸವೆದ ಹೊಲಗಳಲ್ಲಿ ಆಳಕ್ಕೆ ಬೇರಿಳಿಸುವ ಹುಲ್ಲು, ಚಿಕೋರಿ ಬಿತ್ತಿ, ಕೆಲವು ವರ್ಷ ಮೇಯಿಸಿ, ಆಮೇಲೆ ಉತ್ತರು. ಬೇರು ಕೊಳೆತು ಮಣ್ಣಿಗೆ ಮತ್ತೆ ಜೀವ ಬಂತು. ಈ ಯೋಚನೆಯ ಮೊಳಕೆ ಮಂಜರಾಬಾದಿನ ದರಗಿನಲ್ಲೇ ಒಡೆಯಿತು ಎಂದು ನನಗೆ ಬಲವಾಗಿ ಅನಿಸುತ್ತದೆ.

1898ರಲ್ಲಿ ಆ ಪ್ರಯೋಗವನ್ನೂ ಪುಸ್ತಕ ಮಾಡಿದರು. 1914ರಲ್ಲಿ ತೀರಿಕೊಂಡರು. ಎರಡನೇ ಮಹಾಯುದ್ಧದ ನಡುವೆ, ಬ್ರಿಟನ್ನಿಗೆ ತನ್ನ ಅನ್ನವನ್ನು ತಾನೇ ಬೆಳೆದುಕೊಳ್ಳುವ ಒತ್ತಡ ಬಿದ್ದಾಗ, 1943ರಲ್ಲಿ ಆ ಪುಸ್ತಕ ಮತ್ತೆ ಅಚ್ಚಾಗಿ ರೈತರ ಕೈ ಸೇರಿತು.